ಮೌಸಿನ ಬೆನ್ನು ಕಟ್ಟುವ ಹಲ್ಲಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಒಂದು ಮೇಜಿನ ದೀಪ ಮಾತ್ರ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಣ್ಣ ಮೋಟಾರಿಗೆ ಸಿಕ್ಕಿಸಿದ ಸಾಣೆಯನ್ನು ಗುಲಾಬಿ ಬಣ್ಣದ ಉಂಡೆಯೊಂದಕ್ಕೆ ಒತ್ತುತ್ತಿದ್ದಾರೆ. ಬಾಗಿಲಲ್ಲಿ ನಿಂತು ನೋಡಿದರೆ ಯಾರದೋ ದವಡೆ ಅನ್ನಿಸುತ್ತದೆ. ಹತ್ತಿರ ಹೋದರೆ ಅದಕ್ಕೆ ಎರಡು ಗುಂಡಿಗಳಿವೆ, ನಡುವೆ ಚಕ್ರ ಕೂರುವ ಸೀಳಿದೆ. ಅದು ಕಂಪ್ಯೂಟರ್ ಮೌಸಿನ ಮೇಲ್ಚಿಪ್ಪು.

"ಮೂರು ವಾರ ಕೂತು ಮಾಡಿದ್ದು. ಈಗ ನಾನೇ ಕೆರೆದು ಹಾಕ್ತಿದೀನಿ," ಅನ್ನುತ್ತಾರೆ ಅವರು, ಸಾಣೆ ನಿಲ್ಲಿಸದೆ. "ಬಹಳ ಚೆನ್ನಾಗಿ ಕೂತಿತ್ತು. ಅದೇ ಎಡವಟ್ಟಾಗಿದ್ದು."

ಆಸುಪಾಸಿನ ಬೀದಿಗಳಲ್ಲಿ ಇವರು ಹಲ್ಲಕ್ಕ. ಲ್ಯಾಬು ತೆರೆಯುವ ಮೊದಲಿನ ಎರಡು ತಾಸು ಮೇಜು, ಮೋಟಾರು ಎರಡನ್ನೂ ಸ್ವಂತ ಕೆಲಸಕ್ಕೆ ಬಳಸಿಕೊಳ್ಳಲು ಯಜಮಾನರ ಒಪ್ಪಿಗೆಯಿದೆ. ಈಗಿನ ಸ್ವಂತ ಕೆಲಸವೆಂದರೆ ನಾದಿನಿಯ ಕೈ. ನಾಳೆ ಭಾನುವಾರದ ಪಂದ್ಯಾವಳಿಯಲ್ಲಿ ಆ ಕೈ ಬೆಳಿಗ್ಗೆಯಿಂದ ಸಂಜೆಯವರೆಗೆ ಮೌಸು ಹಿಡಿದು ತಡೆಯಬೇಕು. ತಡೆಯದಿದ್ದರೆ ಅವಳ ಕುರ್ಚಿ ಇನ್ನೊಬ್ಬರದು.

ನಾದಿನಿ ಹಗಲು ಪಾರ್ಸೆಲ್ ಗೋದಾಮಿನಲ್ಲಿ ದುಡಿದು, ಸಂಜೆ ಎರಡು ಬೀದಿ ಆಚೆಗಿನ ಗೇಮಿಂಗ್ ಸೆಂಟರಿನಲ್ಲಿ ಐದು ಜನರ ತಂಡದಲ್ಲಿ ಆಡುತ್ತಾಳೆ. ಹೊತ್ತು ಕಳೆಯಲು ಆಡುವವಳಲ್ಲ. ತಂಡದಲ್ಲಿ ಅವಳಷ್ಟು ಚುರುಕಾಗಿ ಗುರಿ ಇಡುವವರಿಲ್ಲ. ಆದರೆ ಹೋದ ಎರಡು ಪಂದ್ಯಗಳಲ್ಲೂ ಕೊನೆಯ ಆಟದ ಹೊತ್ತಿಗೆ ಹೆಬ್ಬೆರಳ ಬುಡ ಉರಿದು, ಕಿರುಬೆರಳು ಜೋಮು ಹಿಡಿದು, ಅವಳು ಆಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಆಗಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಯುವಕನೊಬ್ಬ ಈ ತಂಡದ ಕ್ಯಾಪ್ಟನ್. ಅವನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾನೆ: "ಭಾನುವಾರ ಕೊನೇ ಆಟದ ತನಕ ಕೈ ತಡೆದ್ರೆ ನೀನು. ಇಲ್ಲಾಂದ್ರೆ ಬದಲಿಯವಳು ಕಾಯಂ."

ಹಲ್ಲಕ್ಕನ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುತ್ತಾರೆ. ಇವರು ಅದಕ್ಕೆ ಗಚ್ಚು ಸುರಿದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಗುಲಾಬಿ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದು, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ದಿನಕ್ಕೆ ಆರೇಳು ಬಾಯಿ ಕೈದಾಟುತ್ತದೆ. ಬಾಯಿಯ ಒಡೆಯರು ಯಾರೆಂದು ಇವರಿಗೆ ಗೊತ್ತಿಲ್ಲ, ಹಲ್ಲು ಮಾಡಿದ್ದು ಯಾರೆಂದು ಅವರಿಗೂ ಗೊತ್ತಿಲ್ಲ.

"ನಾ ಮಾಡಿದ ಹಲ್ಲು ಹಾಕ್ಕೊಂಡು ಎಷ್ಟು ಜನ ನಗ್ತಾರೋ," ಅನ್ನುತ್ತಾರೆ. "ಒಬ್ಬರಾದ್ರೂ ನನ್ನ ನೋಡಿ ನಕ್ಕಿಲ್ಲ. ಬಸ್ಸಲ್ಲಿ ಪಕ್ಕದಲ್ಲೇ ಕೂತಿರ್ತಾರೆ. ನಾನು ಕೆಳಗಿನ ಸಾಲು ನೋಡಿ ಗುರುತು ಹಿಡೀತೀನಿ, ಸುಮ್ನಾಗ್ತೀನಿ. ಏನಂತ ಮಾತಾಡಿಸೋದು?"

ಹತ್ತನೇ ತರಗತಿ ಮುಗಿಸಿ ಈ ಲ್ಯಾಬಿಗೆ ಬಂದಾಗ ಅವರ ಪಾಲಿಗೆ ಸಿಕ್ಕಿದ್ದು ಗಚ್ಚು ಕಲಸಿದ ಬಟ್ಟಲು ತೊಳೆಯುವ ಕೆಲಸ. ಮೇಣ ಮುಟ್ಟಲು ಬಿಟ್ಟಿದ್ದು ವರ್ಷವಾದ ಮೇಲೆ. ಕಿಟಕಿಯಿಲ್ಲದ ಕೋಣೆ, ಕಣ್ಣು ಉರಿಸುವ ದ್ರಾವಣದ ವಾಸನೆ, ತಲೆಗೂದಲಲ್ಲಿ ಬಿಳಿ ಪುಡಿ. ಮದುವೆಯಾದ ಹೊಸತರಲ್ಲಿ ಅತ್ತೆ ಅದನ್ನು ಹೊಟ್ಟು ಅಂದುಕೊಂಡು ಎಣ್ಣೆ ತಟ್ಟಿದ್ದರಂತೆ. ಸೊಂಟ ಹಿಡಿದುಕೊಂಡಿದೆ, ಚಾಳೀಸು ಬಂದಿದೆ. ಆದರೂ ಹಲ್ಲು ಕೂರುತ್ತಿಲ್ಲ, ಸಡಿಲವಾಗಿದೆ ಎಂಬ ದೂರು ಇವರ ಮೇಜಿಗೆ ವಾಪಸು ಬರುವುದು ಅಪರೂಪ. ಆ ಒಂದು ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವಿದೆ. ನಾದಿನಿಯ ಕೈಗೆ ಮುಳುವಾಗಿದ್ದೂ ಅದೇ ಜಂಬ.

ನಾದಿನಿಯದು ಪುಟ್ಟ ಕೈ. ಅವಳ ಮೌಸು ದೊಡ್ಡದು, ಮೇಲೆ ಚಪ್ಪಟೆ. ಅಂಗೈಗೆ ಆಸರೆ ಸಿಗದೆ ಮಣಿಕಟ್ಟು ಹಿಂದಕ್ಕೆ ಬಾಗುತ್ತಿತ್ತು, ಕಿರುಬೆರಳು ಮೇಜಿಗೆ ಉಜ್ಜುತ್ತಿತ್ತು. ಹಲ್ಲಕ್ಕ ಅವಳನ್ನು ಊಟದ ಮೇಜಿಗೆ ಕೂರಿಸಿ, ಬಿಸಿ ಮಾಡಿದ ಮೇಣದ ಮೇಲೆ ಅಂಗೈ ಒತ್ತಿಸಿ, ಬಾಯಿಯ ಅಚ್ಚು ತೆಗೆದಷ್ಟೇ ಮುತುವರ್ಜಿಯಿಂದ ಕೈಯ ಅಚ್ಚು ತೆಗೆದರು. ಮೌಸು ಬಿಚ್ಚಿ ಒಳಗಿನ ಯಂತ್ರವನ್ನು ಎತ್ತಿಟ್ಟು, ಚಿಪ್ಪಿನ ಮೇಲೆ ಅಕ್ರಿಲಿಕ್ಕಿನ ಬೆನ್ನು ಕಟ್ಟಿದರು. ಒಂದೊಂದು ಬೆರಳಿಗೆ ಒಂದೊಂದು ಕಾಲುವೆ. ನಾದಿನಿ ಕೈಯಿಟ್ಟಳು. ಅಂಗೈಗೂ ಅಕ್ರಿಲಿಕ್ಕಿಗೂ ನಡುವೆ ಕಾಗದ ತೂರುವಷ್ಟು ಸಂದಿಲ್ಲ.

"ಅತ್ತಿಗೆ, ಇದು ಕೈ ಮೇಲೇ ಬೆಳೆದ ಹಾಗಿದೆ," ಅಂದಳಂತೆ ಅವಳು.

ಸೆಂಟರಿನಲ್ಲಿ ಮಾತ್ರ ಗೋಳು ಹೊಯ್ದುಕೊಂಡರು. ವಸಡಿನ ಬಣ್ಣದ ಆ ವಸ್ತುವನ್ನು ನೋಡಿ ಕ್ಯಾಪ್ಟನ್, "ಇದಕ್ಕೆ ಹಲ್ಲು ಯಾವಾಗ ಬರತ್ತೆ?" ಅಂದ. ಇನ್ನೊಬ್ಬ, "ಬೆರಳು ಹುಷಾರು, ಕಚ್ಚೀತು," ಅಂದ. ನಾದಿನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಅರ್ಧ ಗಂಟೆ ಅವಳು ಆಡಿದ ಆಟಕ್ಕೆ ಅವರ ಬಾಯಿ ತಾನಾಗಿ ಮುಚ್ಚಿತು.

ಎರಡು ಗಂಟೆ ಕಳೆದ ಮೇಲೆ ಕೈ ಕೊರಡಾಯಿತು. ಬೆರಳು ಮಡಚಲು ಎಡಗೈಯ ಸಹಾಯ ಬೇಕಾಯಿತು. ಮನೆಗೆ ಬಂದು ಬಟ್ಟೆ ಹಿಂಡಲಾಗದೆ ಅಣ್ಣನ ಕೈಗೆ ಕೊಟ್ಟಳು. ಹಲ್ಲಕ್ಕನಿಗೆ ಅನ್ನಿಸಿದ್ದು ಒಂದೇ, ಎಲ್ಲೋ ಸಡಿಲವಾಗಿದೆ. ಇನ್ನಷ್ಟು ಅಕ್ರಿಲಿಕ್ ತುಂಬಿ ಇನ್ನಷ್ಟು ಬಿಗಿಯಾಗಿ ಕೂರಿಸಿದರು. ಆ ಸಂಜೆ ಒಂದೇ ಗಂಟೆಗೆ ಕೈ ಸೋತಿತು. ಅಷ್ಟರಲ್ಲಿ ಅವಳ ಹಳೆಯ ಮೌಸಿನ ಆಕಾರ ಅಕ್ರಿಲಿಕ್ಕಿನ ಅಡಿಯಲ್ಲಿ ಹೂತುಹೋಗಿತ್ತು. ಹೊಸದೊಂದನ್ನು ತಂದು ಕೈಗೆ ಒಗ್ಗಿಸಿಕೊಳ್ಳುವಷ್ಟು ದಿನವೂ ಉಳಿದಿರಲಿಲ್ಲ.

"ಅವಳು ಒಂದು ಮಾತೂ ಬೈಲಿಲ್ಲ," ಅನ್ನುತ್ತಾರೆ ಹಲ್ಲಕ್ಕ. "ಬೈದಿದ್ರೆ ನಾನೂ ನಾಲ್ಕು ಬೈದು ಸಮ ಮಾಡ್ಕೋತಿದ್ದೆ."

ಗುರುವಾರ ಸಂಜೆ ಅವರು ಸೆಂಟರಿಗೆ ಹೋಗಿ ನಾದಿನಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರು. ಅದಕ್ಕೂ ಮೊದಲು ಅವರು ಆಟವನ್ನು ನೋಡಿದವರೇ ಅಲ್ಲ. ಅವತ್ತೂ ನೋಡಲಿಲ್ಲ, ಕೈಯನ್ನು ನೋಡಿದರು. ಆಟ ಶುರುವಾಗುವಾಗ ಅದು ಮೌಸಿನ ಮೇಲೆ ಬೋರಲಾಗಿ ಮಲಗುತ್ತದೆ. ಎದುರಾಳಿ ಕಂಡ ಕೂಡಲೇ ಬೆರಳುಗಳು ಬೆಕ್ಕಿನ ಪಂಜದ ಹಾಗೆ ಮೇಲೇಳಲು ನೋಡುತ್ತವೆ. ಕಾಯುವಾಗ ಹಿಂದಕ್ಕೆ ಜಾರಲು ನೋಡುತ್ತವೆ. ಯಾವುದಕ್ಕೂ ಜಾಗವಿಲ್ಲ. ಕಾಲುವೆಗಳು ಬೆರಳನ್ನು ಹಿಡಿದು ಕೂರಿಸುತ್ತವೆ. ಮೇಲಾಗಿ ಗುಂಡಿಗಳ ಮೇಲೆ ಹತ್ತಿಸಿದ ಅಕ್ರಿಲಿಕ್ಕಿನಿಂದ ಒಂದೊಂದು ಒತ್ತಿಗೂ ಹೆಚ್ಚು ಬಲ ಬೇಕು, ಎತ್ತಿ ಸರಿಸಿದಾಗಲೆಲ್ಲ ಹೆಚ್ಚು ಭಾರ.

"ದವಡೆ ಮುಚ್ಚಿದ್ರೆ ಒಂದೇ ಕಡೆ ಬಂದು ಕೂರತ್ತೆ. ಇಷ್ಟು ವರ್ಷ ಅದನ್ನೇ ನೋಡಿದೋಳು ನಾನು," ಅನ್ನುತ್ತಾರೆ. "ಕೈ ಹಾಗಲ್ಲ. ಅದಕ್ಕೆ ಓಡಾಡಬೇಕು. ನಾನು ಹಾಸಿಗೆ ಮಾಡ್ತೀನಿ ಅಂತ ಹೋಗಿ ಕಟ್ಟಿಹಾಕಿದ್ದೆ."

ಅದಕ್ಕೇ ಈ ಬೆಳಗಿನ ಸಾಣೆ. ಕಾಲುವೆಗಳು ಪುಡಿಯಾಗಿ ಉದುರುತ್ತಿವೆ. ಗುಂಡಿಗಳ ಮೇಲಿನ ಪದರ ಪೂರ್ತಿ ಹೋಗಿದೆ. ಹಿಂಭಾಗದಲ್ಲಿ ಅಂಗೈ ಒರಗಲು ಒಂದು ದಿಣ್ಣೆ, ಹೆಬ್ಬೆರಳಿಗೆ ಒಂದು ಸಣ್ಣ ಜಗಲಿ, ಕಿರುಬೆರಳು ಮೇಜಿಗೆ ತಾಕದಂತೆ ಒಂದು ಇಳಿಜಾರು, ಇಷ್ಟೇ ಉಳಿದಿದೆ. ಭಾರ ಇಳಿಸಲು ದಿಣ್ಣೆಯನ್ನು ಒಳಗಿನಿಂದ ಪೊಳ್ಳು ಮಾಡುತ್ತಾರೆ. ಬೇಕೆಂದೇ ಸಡಿಲ ಬಿಡುವ ಕೆಲಸ ಅವರಿಗೆ ಹೊಸದು. ಸಾಣೆ ಹಿಡಿದ ಅವರ ಕೈ ಎರಡು ಸಲ ಹಿಂಜರಿಯುತ್ತದೆ. ಇಂಥದ್ದನ್ನು ಹಲ್ಲಿನ ಸೆಟ್ಟಿನಲ್ಲಿ ಮಾಡಿದರೆ ವೈದ್ಯರು ಫೋನು ಮಾಡಿ ಮಂಗಳಾರತಿ ಎತ್ತುತ್ತಾರೆ.

ಸಂಜೆ ಮನೆಯಲ್ಲಿ ಪರೀಕ್ಷೆ. ಹೊಸ ಹಲ್ಲು ವಸಡಿಗೆ ಎಲ್ಲಿ ಒತ್ತುತ್ತದೆಂದು ತಿಳಿಯಲು ಒಂದು ಬಿಳಿ ಲೇಪವಿದೆ. ತೆಳುವಾಗಿ ಸವರಿ ಹಾಕಿದರೆ ಒತ್ತಿದ ಕಡೆ ಲೇಪ ಅಳಿಸಿ ಗುಲಾಬಿ ಕಾಣುತ್ತದೆ. ಹಲ್ಲಕ್ಕ ಅದನ್ನೇ ಮೌಸಿನ ಬೆನ್ನಿಗೆ ಸವರುತ್ತಾರೆ. ನಾದಿನಿ ಆಡಲು ಕೂರುತ್ತಾಳೆ. ಹಲ್ಲಕ್ಕನ ಗಂಡ ಬಾಗಿಲಿಗೆ ಒರಗಿ ನಿಂತು, "ಸಂಸಾರ ಚೆನ್ನಾಗಿದೆ. ಒಬ್ಬಳು ಹಲ್ಲು ಕೆರೀತಾಳೆ, ಒಬ್ಬಳು ಇಲಿ ಹಿಡೀತಾಳೆ," ಅನ್ನುತ್ತಾನೆ.

"ಅಣ್ಣಾ, ಬಟ್ಟೆ ಹಿಂಡಿ ಆಯ್ತಾ?" ಅನ್ನುತ್ತಾಳೆ ನಾದಿನಿ, ತಿರುಗಿಯೂ ನೋಡದೆ.

ಕೈ ಎತ್ತಿದಾಗ ದಿಣ್ಣೆಯ ನೆತ್ತಿ ಅಲ್ಲಲ್ಲಿ ಅಳಿಸಿದೆ, ಪಕ್ಕಗಳಲ್ಲಿ ಬಿಳಿ ಹಾಗೇ ಉಳಿದಿದೆ. ಹೆಬ್ಬೆರಳ ಬುಡದಲ್ಲಿ ಮಾತ್ರ ಉಗುರಿನಷ್ಟು ಜಾಗ ಪೂರ್ತಿ ಗುಲಾಬಿ. ಹಲ್ಲಕ್ಕ ಅದನ್ನು ಉಜ್ಜುಕಾಗದದಿಂದ ತಗ್ಗಿಸುತ್ತಾರೆ. "ಚೆನ್ನಾಗಿದೆಯಾ ಅಂತ ಕೇಳಲ್ಲ. ನಾಳೆ ನಾಲ್ಕನೇ ಆಟದಲ್ಲಿ ಹೇಳು," ಅನ್ನುತ್ತಾರೆ.

ಭಾನುವಾರ ಸೆಂಟರಿನಲ್ಲಿ ಕಾಲಿಡಲು ಜಾಗವಿಲ್ಲ. ಬದಲಿ ಆಟಗಾರ್ತಿ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಸಿದ್ಧಳಾಗಿ ಕೂತಿದ್ದಾಳೆ. ಮೊದಲ ಮೂರು ಆಟ ಕಳೆಯುತ್ತವೆ. ತಂಡ ಸೆಮಿಫೈನಲ್ ದಾಟುತ್ತದೆ. ಹಲ್ಲಕ್ಕ ಅದೇ ಸ್ಟೂಲಿನಲ್ಲಿ ಕೂತು ನಾದಿನಿಯ ಬಲಗೈ ಮೇಲಿಂದ ಕಣ್ಣು ಕೀಳುವುದಿಲ್ಲ. ಸುತ್ತಲಿನವರು ಕೂಗಿದಾಗ ಗೆದ್ದದ್ದೋ ಸೋತದ್ದೋ ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಕೈ ಮಲಗುತ್ತದೆ, ಪಂಜವಾಗುತ್ತದೆ, ಹಿಂದಕ್ಕೆ ಜಾರುತ್ತದೆ, ಮತ್ತೆ ಮಲಗುತ್ತದೆ. ನಾಲ್ಕನೇ ಆಟದ ನಡುವೆ ನಾದಿನಿ ಕೈ ಕೊಡವುತ್ತಾಳೆ. ಹಲ್ಲಕ್ಕ ಅರ್ಧ ಎದ್ದೇಬಿಡುತ್ತಾರೆ.

"ಕೈ ಹೇಗಿದೆ? ಬದಲಿಯವಳನ್ನ ಕೂರಿಸ್ಲಾ?" ಕ್ಯಾಪ್ಟನ್ ಕೇಳುತ್ತಾನೆ.

"ಕೂರಿಸು. ಬೇರೆ ಕುರ್ಚೀಲಿ," ಅನ್ನುತ್ತಾಳೆ ನಾದಿನಿ. "ಬೆವರು ಒರೆಸ್ಕೊಂಡೆ ಅಷ್ಟೆ."

ಫೈನಲಿನ ಕೊನೆಯ ಆಟದಲ್ಲಿ ತಂಡ ಸೋಲುತ್ತದೆ. ನಾದಿನಿ ಯಾರಿಗೂ ಹೇಳದೆ ಒಬ್ಬಳೇ ಮುಂದೆ ನುಗ್ಗಿ, ಎದುರಾಳಿಗಳು ಹೊಂಚು ಹಾಕಿದ್ದ ಮೂಲೆಗೇ ಹೋಗಿ ಬೀಳುತ್ತಾಳೆ. ಕ್ಯಾಪ್ಟನ್ ಹೆಡ್‌ಫೋನು ಕಿತ್ತು ಮೇಜಿಗೆ ಕುಕ್ಕುತ್ತಾನೆ. "ಮತ್ತೆ ಕೈ ಕೊಡ್ತಾ?"

"ಕೈಗೇನೂ ಆಗಿಲ್ಲ. ಗೆದ್ದೇಬಿಟ್ವಿ ಅಂದ್ಕೊಂಡು ನುಗ್ಗಿದೆ."

ಅವನು ಒಂದು ಗಳಿಗೆ ಅವಳ ಬೆರಳುಗಳನ್ನೇ ನೋಡುತ್ತಾನೆ. ಅವು ಸಲೀಸಾಗಿ ಮಡಚುತ್ತವೆ, ಬಿಚ್ಚುತ್ತವೆ. "ಹಾಗಿದ್ರೆ ಮುಂದಿನ ಸಲಾನೂ ನೀನೇ," ಅನ್ನುತ್ತಾನೆ. "ನುಗ್ಗೋ ಮುಂಚೆ ಬಾಯಿ ಬಿಟ್ಟು ಹೇಳು." ಆಮೇಲೆ ಹಲ್ಲಕ್ಕನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದಲೇ ತನ್ನ ಅಂಗೈ ಚಾಚುತ್ತಾನೆ. "ಅಕ್ಕಾ, ನಂದೂ ಒಂದು ಅಚ್ಚು ತಗೋತೀರಾ?"

"ಅಚ್ಚು ಆಮೇಲೆ. ಮೊದಲು ನೀನು ಆಡೋದು ನೋಡ್ತೀನಿ," ಅನ್ನುತ್ತಾರೆ ಹಲ್ಲಕ್ಕ.

ಬೀದಿಗೆ ಬಂದ ಮೇಲೆ ನಾದಿನಿಯ ಮುಖ ಊದಿಕೊಂಡಿದೆ. ಗೆಲ್ಲಬೇಕಿದ್ದ ಟ್ರೋಫಿ ಕೈಗೆ ಬಂದು ಜಾರಿತೆಂಬ ಸಂಕಟ. "ಕೈ ಸರಿ ಮಾಡಿದ್ರಿ ಅತ್ತಿಗೆ. ತಲೆ ಕೈಕೊಡ್ತು," ಅನ್ನುತ್ತಾಳೆ.

"ಅದರ ಕೆಲಸ ನಮ್ಮ ಲ್ಯಾಬಲ್ಲಿ ತಗೊಳ್ಳಲ್ಲ."

ನಾದಿನಿ ಅತ್ತಿಗೆಯ ಬೆನ್ನಿಗೆ ಬಲಗೈಯಲ್ಲಿ ಒಂದು ಗುದ್ದು ಹಾಕುತ್ತಾಳೆ. ಗುದ್ದು ಬಲವಾಗಿಯೇ ಬೀಳುತ್ತದೆ. ಹಲ್ಲಕ್ಕ ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿ, ಸಾವರಿಸಿಕೊಂಡು, ಬೆನ್ನು ಉಜ್ಜಿಕೊಳ್ಳುತ್ತ ನಗುತ್ತಾರೆ.

"ಬೆಳಿಗ್ಗೆಯಿಂದ ಆಡಿದ ಕೈ ಇದು," ಅನ್ನುತ್ತಾರೆ. "ಹೇಗೆ ಬಿತ್ತು ನೋಡು."