ತೂಬಿನ ಮುಂದೆ ಮಾಂತ್ರಿಕ

ದಾಳ ಉರುಳಿಸಲು ನಾವು ಬಳಸುವುದು ತಟ್ಟೆ ಇಡ್ಲಿಯ ತಟ್ಟೆ. ಇಪ್ಪತ್ತು ಮುಖದ ದಾಳ ನೆಲಕ್ಕೆ ಬಿದ್ದರೆ ಸೋಫಾದ ಕೆಳಗೆ ಸೇರಿಕೊಳ್ಳುತ್ತದೆ. ಅದನ್ನು ಪೊರಕೆಯಿಂದ ಎಳೆಯುವಷ್ಟರಲ್ಲಿ ಆಟದ ರಾಕ್ಷಸನ ಮೇಲಿನ ಸಿಟ್ಟು ಇಳಿದಿರುತ್ತದೆ. ಅದಕ್ಕೇ ಮಂಜ ಒಂದು ಭಾನುವಾರ ಅಡುಗೆಮನೆಯಿಂದ ಆ ತಟ್ಟೆ ತಂದಿಟ್ಟ. ಹಾಗೆಂದು ನನ್ನ ನೆನಪು. ತಂದದ್ದು ತಾನು ಎನ್ನುತ್ತಾಳೆ ಯಶೋದಾ. ನೀವು ನಮ್ಮಿಬ್ಬರನ್ನೂ ನಂಬಬೇಡಿ.

ಇದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಆಟ. ಒಬ್ಬ ಒಂದು ಮಾಯಾಲೋಕವನ್ನು ಕಟ್ಟಿ ಹೇಳುತ್ತಾ ಹೋಗುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಆದೀತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಗೆದ್ದಂತೆಲ್ಲ ಪಾತ್ರ ಒಂದೊಂದು ಲೆವೆಲ್ ಏರುತ್ತದೆ. ನಮ್ಮ ಲೋಕದ ಸೃಷ್ಟಿಕರ್ತ ಮಂಜ. ಗುಬ್ಬಿಯವನು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಶಿರಾ ಗೇಟಿನ ಬಳಿ ಮಹಡಿ ಮನೆಯಲ್ಲಿದ್ದಾನೆ. ಯಶೋದಾ ಕುಣಿಗಲ್ಲಿನಲ್ಲಿ ಔಷಧಿ ಅಂಗಡಿ ನಡೆಸುವವಳು, ಭಾನುವಾರ ಬಸ್ಸು ಹತ್ತಿ ಬರುತ್ತಾಳೆ. ಆಟದಲ್ಲಿ ಆಕೆ ಕೋಟೆಯ ಒಡತಿ. ನಾನು, ಅಂದರೆ ಸೀನ, ಮಾಂತ್ರಿಕ.

ಈಗ ನಾವು ಇಪ್ಪತ್ತನೇ ಲೆವೆಲ್ಲಿನಲ್ಲಿದ್ದೇವೆ. ಮೇಲೆ ಏರಲು ಮೆಟ್ಟಿಲಿಲ್ಲ. ಆದರೆ ಮೇಲ್ಮಟ್ಟದ ಆಟ ಎಂದರೆ ಯಾವುದು? ಹನ್ನೊಂದು ದಾಟಿದರೆ ಸಾಕು ಎನ್ನುವವರಿದ್ದಾರೆ. ಸತ್ತವರನ್ನು ಎಬ್ಬಿಸುವಂತಾದರೆ ಎನ್ನುವವರಿದ್ದಾರೆ. ಮಂಜನ ಪ್ರಕಾರ, ದೇವರುಗಳ ಕೊರಳಪಟ್ಟಿಗೆ ಕೈ ಹಾಕುವಂತಾದಾಗ. ನನಗೆ ಮಾತ್ರ, ನೆಲಮಾಳಿಗೆಯ ಒಂದು ಹೆಗ್ಗಣಕ್ಕೆ ಹೆದರಿ ಪೀಪಾಯಿಯ ಹಿಂದೆ ಅಡಗಿದ್ದ ಆಟದ ಮೊದಲ ದಿನವೇ ಎತ್ತರದ್ದಾಗಿ ಕಾಣುತ್ತದೆ. ಅವತ್ತು ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಹೊರಟಿದ್ದೆ; ಸುರಿಯುತ್ತಿರಲಿಲ್ಲವೇನೋ, ಹೆಗ್ಗಣಕ್ಕೆ ಮಳೆ ಒಪ್ಪುತ್ತದೆಂದು ಆಮೇಲೆ ಸೇರಿಸಿಕೊಂಡಿರಬೇಕು. ನಾನು ಕೆಲಸ ಮಾಡುವ ವಸಂತನರಸಾಪುರದ ಕಾರ್ಖಾನೆಯಲ್ಲೂ ನನ್ನನ್ನು ಮೇಲೇರಿಸಿದ್ದಾರೆ. ಅಂದಿನಿಂದ ಮೆಷಿನ್ ಮುಟ್ಟಿಲ್ಲ, ಮುಟ್ಟುವವರ ಬೆನ್ನ ಹಿಂದೆ ನಿಲ್ಲುತ್ತೇನೆ. ಏರುವುದು ಎಂದರೆ ಕೈ ಖಾಲಿಯಾಗುವುದೇ?

ಮೇಲೇರಿದ ವೀರರಿಗೆ ನಿಯಮದ ಪುಸ್ತಕ ಒಂದು ಕೋಟೆ ಕೊಡುತ್ತದೆ. ಕೋಟೆ ಅಂದಮೇಲೆ ಊರು, ಊರು ಅಂದಮೇಲೆ ಕೆರೆ, ಕೆರೆ ಅಂದಮೇಲೆ ತೂಬು. ಬೇರೆ ಸೀಮೆಯವರು ಏನು ಮಾಡುತ್ತಾರೋ ಕಾಣೆ. ನಮ್ಮಲ್ಲಿ ಕೋಟೆ ಸಿಕ್ಕಿದ ವಾರವೇ, ತೂಬು ಎತ್ತಿದರೆ ಮೊದಲ ನೀರು ಮೇಲೂರಿಗೋ ಕೆಳಗೂರಿಗೋ ಎಂಬ ವ್ಯಾಜ್ಯ ಹುಟ್ಟಿಕೊಂಡಿತು. ಇಲ್ಲದ ಕೆರೆ, ಇಲ್ಲದ ಗದ್ದೆ. ಆದರೂ ಯಶೋದಾ ವಾರಗಟ್ಟಲೆ ಎರಡೂ ಊರಿನ ಯಜಮಾನರನ್ನು ಕೂರಿಸಿ ಮಾತಾಡಿದಳು. ಆ ಇಬ್ಬರು ಯಜಮಾನರೂ ಮಂಜನೇ, ಒಲ್ಲದ ಮನಸ್ಸಿನಿಂದ.

ಕೊನೆಗೊಂದು ಮಧ್ಯಾಹ್ನ ಅವನ ತಾಳ್ಮೆ ಕೆಟ್ಟಿತು. “ಇಪ್ಪತ್ತನೇ ಲೆವೆಲ್ಲಿಗೆ ಬಂದು ತೂಬಿನ ಪಂಚಾಯ್ತಿ ಮಾಡ್ತೀರಲ್ರೋ! ಪಾತಾಳದಲ್ಲಿ ನನ್ ರಾಕ್ಷಸ ಕಾದೂ ಕಾದೂ ಆಕಳಿಸ್ತಾವ್ನೆ.”

“ಆಕಳಿಸ್ಲಿ ಬುಡಿ ಮಂಜಣ್ಣ,” ಎಂದಳು ಯಶೋದಾ. “ಕೆಳಗೂರಿನವ್ರು ಅರ್ಧ ಒಪ್ಕೊಂಡವ್ರೆ. ಇನ್ನೊಂದ್ ವಾರ ಕೊಡಿ.”

ನನಗೆ ಮಂಜನ ಮೇಲೆ ಕನಿಕರ ಬಂತು. “ನನ್ ಮಾಂತ್ರಿಕ ಕೈ ಬೀಸಿ ಕೆರೆ ತುಂಬಿಸ್ಬಿಡ್ತಾನೆ ಕಣೋ. ಎಲ್ಲಾರ್ಗೂ ನೀರು. ಮುಗೀತಲ್ಲ.”

“ಬ್ಯಾಡ ಸೀನಣ್ಣ. ನೀವು ಕೈ ಬೀಸಿದ್ರೆ ಮುಗಿಯೋದಾದ್ರೆ ನಾನ್ಯಾಕೆ ಬಸ್ ಹತ್ಕೊಂಡ್ ಬರ್ಬೇಕು? ಬೀಸಿದ್ರೋ, ಮುಂದಿನ್ ವಾರದಿಂದ ನಾನ್ ಬರಲ್ಲ.”

ತಮಾಷೆಗೆ ಹೇಳಿದಳೆಂದು ತಿಳಿದೆ. ಆ ಮಂತ್ರಕ್ಕೆ ದಾಳವೂ ಬೇಕಿಲ್ಲ. ಈ ಎತ್ತರದಲ್ಲಿ ಸೋಲುವ ಅವಕಾಶವನ್ನೂ ಪುಸ್ತಕ ಕಿತ್ತುಕೊಂಡಿದೆ. ಬೀಸಿದೆ. ಕೆರೆ ಕೋಡಿ ಬೀಳುವಷ್ಟು ತುಂಬಿತು. ಯಶೋದಾ ಎದ್ದು ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಹೋದಳು. ಮೂವರಲ್ಲಿ ಒಬ್ಬಳು ಹೋದರೆ ಆಟವೇ ಇಲ್ಲ. ಅದು ಮೂವರಿಗೂ ಗೊತ್ತಿತ್ತು. “ಭೂಮಿ ನಡುಗ್ತಾ ಇದೆ…” ಎಂದು ಮಂಜ ತನ್ನ ರಾಕ್ಷಸನನ್ನು ಎಬ್ಬಿಸಹೊರಟ. ದನಿ ಏಳಲಿಲ್ಲ.

ಚಪ್ಪಲಿ ಮೆಟ್ಟಿಕೊಂಡವಳು ಹೊಸ್ತಿಲಾಚೆಯಿಂದ ತಿರುಗಿ ಕೇಳಿದಳು: “ಕೆರೆ ತುಂಬ್ತಲ್ಲ ಮಂಜಣ್ಣ. ತೂಬು ಯಾರ್ ಎತ್ತಿದ್ರು?”

ಮಂಜನ ಬೆನ್ನು ಮೆಲ್ಲಗೆ ಬಾಗಿತು, ದನಿ ಒಡೆದು ಮೇಲೂರಿನ ಯಜಮಾನನದಾಯಿತು. “ಮಾಂತ್ರಿಕ್ರು ಬೀಸ್ದಾಗ ನಿಂತಿದ್ದು ನಮ್ ಮೇಲೂರ್ ಕಡೆ. ನೀರು ಮೊದ್ಲು ನಮ್ಗೆ.” ಕತ್ತು ಅತ್ತ ತಿರುಗಿಸಿ ಇನ್ನೊಬ್ಬನಾದ. “ಹೋಗಲೇ, ನಿಂತಿದ್ದು ನಿಮ್ಮೂರ್ ಕಡೆ ಇರ್ಬೋದು, ಬೀಸಿದ್ ಕೈ ನಮ್ ಕೆಳಗೂರ್ ಕಡೀಕಿತ್ತು!” ಆಮೇಲೆ ಆ ಒಂದೇ ಮುಖದಿಂದ ಇಬ್ಬರೂ ನನ್ನ ಕಡೆ ನೋಡಿದರು. “ನೀವೇ ಹೇಳ್ಬುಡಿ ಸ್ವಾಮಿ. ಯಾರ್ಗೆ ಬೀಸಿದ್ದು?”

ನನ್ನ ಮಂತ್ರಗಳನ್ನೆಲ್ಲ ತಡಕಿದೆ. ಸಿಡಿಲು ಇತ್ತು, ಹಾರಾಟ ಇತ್ತು, ಕಾಲವನ್ನೇ ನಿಲ್ಲಿಸುವುದೂ ಇತ್ತು. ಇದಕ್ಕೆ ಯಾವುದೂ ಹೊಂದಲಿಲ್ಲ. ನಾವು ಕೊನೆಯ ಮೆಟ್ಟಿಲಲ್ಲಿದ್ದೆವೋ, ಜಾರಿ ಮೊದಲನೆಯದಕ್ಕೆ ಬಿದ್ದಿದ್ದೆವೋ, ಆಗಲೂ ತಿಳಿಯಲಿಲ್ಲ, ಈಗಲೂ ಇಲ್ಲ.

“ಮೊದಲು…” ಎಂದೆ.

“ಯೋಚ್ನೆ ಮಾಡಿ ಹೇಳಿ ಸೀನಣ್ಣ, ಎರಡೂರಿನ ಬಾಯಿಗೆ ಬೀಳ್ತೀರ,” ಎನ್ನುತ್ತಾ ಯಶೋದಾ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿ ಎಳೆದುಕೊಂಡಳು. “ಈ ಬಸ್ ಹೋಗ್ಲಿ. ಇನ್ನೊಂದ್ ಐತೆ.”