ಕೌದಿಯ ಹಿಂಬದಿ

ಮೊಮ್ಮಕ್ಕಳೇ, ನಾನು ಬೀದರದ ನಿಮ್ಮ ಮನೆಗೆ ಬಂದ ಹೊಸತರಲ್ಲಿ ನನ್ನ ಮಗಳು, ನಿಮ್ಮ ಅವ್ವ, ನನ್ನನ್ನು ಹಳೆ ಬಟ್ಟೆಗಳ ಕೌದಿ ಹೊಲಿಯುವ ಹೆಂಗಸರ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ನಮ್ಮೂರು ಭಾತಂಬ್ರಾದ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಮರೆತಿರಲಿಲ್ಲ. ಆದರೂ ಮುಖ ಕಾಣದ ಜನರೆದುರು ಬರೆಯಲು ನನಗೆ ನಾಚಿಕೆ. ಯಾರಾದರೂ ಫೋಟೋ ಹಾಕಿದರೆ ಕೈಮುಗಿದ ಚಿತ್ರವೊಂದನ್ನು ಒತ್ತಿ ಸುಮ್ಮನಾಗುತ್ತಿದ್ದೆ. ಉಳಿದವರು ಹೂವಿನ ಚಿತ್ರ ಹಾಕುತ್ತಿದ್ದರು. ಕೌದಿ ಹೇಗೇ ಇರಲಿ, ಹೂವು ಅದೇ.

ಒಂದು ದಿನ ಔರಾದ ಕಡೆಯ ಹುಡುಗಿಯೊಬ್ಬಳು ತನ್ನ ಮೊದಲ ಕೌದಿಯ ಫೋಟೋ ಹಾಕಿದಳು. ಅವಳ ತಾಯಿ ತೀರಿ ವರ್ಷವಾಗಿರಲಿಲ್ಲ. ಭಾಲ್ಕಿಗೆ ಕೊಟ್ಟ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವ್ವ ಇದ್ದಿದ್ದರೆ ಕೂಸಿಗೆ ಅವಳೇ ಕೌದಿ ಹೊಲಿಯುತ್ತಿದ್ದಳು, ಈಗ ಅವ್ವನ ಸೀರೆಗಳಲ್ಲಿ ನಾನು ಹೊಲಿದಿದ್ದೇನೆ, ತಪ್ಪಿದ್ದರೆ ತಿಳಿಸಿರಿ ಎಂದು ಕೆಳಗೆ ಬರೆದಿದ್ದಳು.

ಹೂವುಗಳು ಸುರಿದವು. ನಾನು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಹಸಿರು ಸೀರೆಯ ತುಂಡುಗಳ ಸುತ್ತ ಕೆಂಪು ಅಂಚನ್ನು ಬಲು ಅಚ್ಚುಕಟ್ಟಾಗಿ ಕೂಡಿಸಿದ್ದಳು. ಆದರೆ ಹೊಲಿಗೆಗಳು ಉದ್ದವಾಗಿದ್ದವು. ಅಂಥ ಹೊಲಿಗೆಯ ನೂಲಿನಲ್ಲಿ ಎಳೆಗೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಕೂಸು ಕಾಲು ಝಾಡಿಸಿದಷ್ಟೂ ನೂಲು ಬಿಗಿಯುತ್ತದೆ. ಯಾಕೆ ಅಳುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಹಾಗೆ ನೀಲಿಗಟ್ಟಿದ ಬೆರಳನ್ನು ನಾನು ನಮ್ಮೂರಲ್ಲಿ ಕಂಡಿದ್ದೇನೆ.

ನಮ್ಮಲ್ಲಿ ಕೌದಿ ಮುಗಿದ ಮೇಲೆ ಹಿರಿಯಳೊಬ್ಬಳು ಅದನ್ನು ಮಗುಚಿ ಹಿಂಬದಿ ನೋಡುತ್ತಾಳೆ. ಹೊಲಿದವಳ ಕೈ ಅಲ್ಲಿ ತಿಳಿಯುತ್ತದೆ. ಹಿಂಬದಿ ತೋರಿಸು ಎಂದು ಎಲ್ಲರನ್ನೂ ಕೇಳುವುದಿಲ್ಲ, ಕೈ ಕುದುರುತ್ತಿದೆ ಎಂದು ನಂಬಿಕೆ ಬಂದವಳನ್ನು ಮಾತ್ರ ಕೇಳುತ್ತಾರೆ. ನಮ್ಮ ಅತ್ತೆ ಮೊದಲ ಸಲ ನನ್ನ ಕೌದಿ ಮಗುಚಿದ ದಿನ ನನಗೆ ಸಂತೋಷದಿಂದ ಊಟವೇ ಸೇರಿರಲಿಲ್ಲ.

ಅದೇ ಮಾತನ್ನು ಗುಂಪಿನಲ್ಲಿ ಬರೆದೆ. "ಹಿಂದಿನ ಬಾಜು ತೋರ್ಸವ್ವ."

ಬೀದರದ ಒಬ್ಬಾಕೆ ಕೂಡಲೇ ಬರೆದಳು, "ಬಂತು ನೋಡ್ರಿ ಪರೀಕ್ಷಾ. ಪಾಸೋ ನಪಾಸೋ ಇನ್ನ ಆಯಿನೇ ಹೇಳ್ಬೇಕು." ಆಯಿ ಎಂದರೆ ಅಜ್ಜಿ, ನಾನೇ. ಅದಕ್ಕೆ ಹಲವರು ನಗುವ ಚಿತ್ರ ಹಾಕಿದರು. ಮತ್ತೊಬ್ಬರು, ತಾಯಿಯಿಲ್ಲದ ಹುಡುಗಿಯ ಕೆಲಸದಲ್ಲಿ ತಪ್ಪು ಹುಡುಕಬೇಕೇ ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಫೋಟೋ ಗುಂಪಿನಿಂದ ಮಾಯವಾಗಿತ್ತು.

ಸಂಜೆ ನಡೆದದ್ದನ್ನು ನಿಮ್ಮ ಅವ್ವನಿಗೆ ಹೇಳಿದೆ. ನಿನ್ನ ಊರಿನ ರೂಢಿ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು, ಅಷ್ಟು ಹೂವಿನ ನಡುವೆ ನಿನ್ನದೊಂದೇ ಮಾತು ಅವಳಿಗೆ ಚುಚ್ಚಿರುತ್ತದೆ ಎಂದಳು. ಆಮೇಲೆ ಹೇಳಿದಳು, "ಹೇಳೂದಿದ್ರ ಆಕಿಗೊಬ್ಬಾಕಿಗೇ ಹೇಳವ್ವಾ. ಬರೀಬ್ಯಾಡ, ನಿನ್ನ ದನಿ ಕೇಳ್ಲಿ."

ಇನ್ನು ಬಾಯಿ ತೆರೆಯಬಾರದು ಎಂದುಕೊಂಡಿದ್ದೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಇಂದಲ್ಲ ನಾಳೆ ಆ ಕೌದಿಯ ಮೇಲೆ ಕೂಸು ಮಲಗುತ್ತದೆ. ಮರುದಿನ ಬೆಳಿಗ್ಗೆ ಗುಂಪಿನಲ್ಲಿದ್ದ ಅವಳ ನಂಬರಿಗೆ ಫೋನ್ ಹಚ್ಚಿದೆ.

ಮೊದಲು ನಮ್ಮ ರೂಢಿಯನ್ನು ತಿಳಿಸಿದೆ. ಕೆಂಪು ಅಂಚು ಕೂಡಿಸಿದ್ದು ಚೆನ್ನಾಗಿದೆ ಎಂದೆ. ಅದು ನಿಜವಾಗಿತ್ತು, ಅದಕ್ಕೇ ಹೇಳಿದೆ. ಆಮೇಲೆ ಉದ್ದ ಹೊಲಿಗೆಯ ಮಾತು, ಕೂಸಿನ ಬೆರಳಿನ ಮಾತು. ಅವಳು ಹೇಳಿದಳು,

"ಸೀರಿ ಜೀರ್ಣ ಆಗ್ಯಾವ್ರಿ ಆಯಿ. ಸಣ್ಣ ಹೊಲಿಗಿ ಹಾಕಿದ್ರ ಹರೀತಾವ. ಅದಕ್ಕ ಉದ್ದ ಹಾಕೀನ್ರಿ."

ಅದು ನನಗೆ ಹೊಳೆದೇ ಇರಲಿಲ್ಲ. ಹುಡುಗಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಅವಳು ಅವ್ವನ ಸೀರೆ ಹರಿಯಬಾರದೆಂದು ಹಾಗೆ ಹೊಲಿದಿದ್ದಳು. ಹಾಗಿದ್ದರೆ ಎರಡೂ ಕಡೆ ಗಟ್ಟಿ ಬಟ್ಟೆ ಹಾಕಿ ಸೀರೆಯನ್ನು ಒಳಗಿಟ್ಟು ಸಣ್ಣಗೆ ಹೊಲಿ ಎಂದೆ.

"ಒಳಗ ಮುಚ್ಚಿಬಿಟ್ರ ಅಕ್ಕಗ ಅವ್ವ ಹ್ಯಾಂಗ ಕಾಣ್ತಾಳ್ರಿ?"

ಹೋಗಲಿ, ಇದ್ದದ್ದೇ ಛಂದ ಅದ ಎನ್ನುವ ಮಾತು ನಾಲಿಗೆಯ ತನಕ ಬಂತು. "ಅದು ನನಗ ತಿಳಿಯಂಗಿಲ್ಲವ್ವ. ಆದ್ರ ಕೂಸಿನ ಕೆಳಗ ಇದನ್ನ ಹಾಸಬ್ಯಾಡ" ಎಂದೆ. ಅವಳು ಹೂಂ ರೀ ಎಂದು ಫೋನ್ ಇಟ್ಟಳು.

ಮುಂದಿನ ದಿನಗಳು ನನಗೆ ಕಠಿಣವಾಗಿದ್ದವು. ತಾಯಿಯನ್ನು ಕಳೆದುಕೊಂಡವಳ ಕೈಯಿಂದ ಉಳಿದದ್ದನ್ನೂ ಕಿತ್ತುಕೊಂಡೆನೇ ಎನಿಸುತ್ತಿತ್ತು. ನಿಮ್ಮಜ್ಜ ಹೋದ ಹೊಸತರಲ್ಲಿ ಅವರ ಒಂದು ಬಟ್ಟೆಯನ್ನೂ ಯಾರೂ ಮುಟ್ಟಲು ನಾನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಆಯಿ, ಇದನ್ನ ಅಕ್ಕಗೇ ಹೊಚ್ಚತೀನ್ರಿ. ಆಕಿನೂ ಅವ್ವನ ಕೂಸೇ ಅಲ್ಲೇನ್ರಿ? ಸಣ್ಣ ಕೂಸಿಗಿ ಬ್ಯಾರೆ ಹೊಲೀತೀನಿ."

ಇದು ನಾನು ಹೇಳಿಕೊಟ್ಟದ್ದಲ್ಲ. ನಾನು ಬೇಡ ಎಂದಷ್ಟೇ ಹೇಳಿದ್ದೆ. ಏನು ಮಾಡಬೇಕೆಂಬುದನ್ನು ಅವಳೇ ಕಂಡುಕೊಂಡಳು.

ಕೂಸಿನ ಕೌದಿಗೆ ಎಂಥ ಬಟ್ಟೆ ಒಳ್ಳೆಯದು ಎಂದು ಕೇಳಿದಳು. ಒಗೆದು ಒಗೆದು ಮೆತ್ತಗಾದ ಧೋತರ ಎಂದೆ. ಅವರ ಮನೆಯಲ್ಲಿ ಧೋತರ ಉಡುವವರು ಇರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ನಿಮ್ಮಜ್ಜನವು ಇದ್ದವು. ಒಂದನ್ನು ತೆಗೆದು ಮತ್ತೆ ಒಗೆದು ಒಣಗಿಸಿ, ಔರಾದಕ್ಕೆ ಹೊರಟಿದ್ದ ನೆರೆಯಾಕೆಯ ಕೈಯಲ್ಲಿ ಕಳಿಸಿದೆ. ಕಳಿಸಿದ ಮೇಲೆ ಹುಡುಗಿಗೆ ಫೋನ್ ಮಾಡಿ, ಅದರ ಒಂದು ಬದಿ ಸವೆದಿದೆ, ಹೊಲಿಗೆ ತಡೆಯುವುದಿಲ್ಲ, ಅಷ್ಟನ್ನು ಕತ್ತರಿಸಿ ಹಾಕವ್ವ ಎಂದು ತಿಳಿಸಿದೆ.