ಮೂಲೆ ಸಿಗದ ಹುಳು

ಹರಿಣಿಯ ಎಡಗೆನ್ನೆಯ ಮೇಲೆ ಬೆಳಿಗ್ಗೆ ಮತ್ತೊಂದು ಕೆಂಪು ಗಂಧೆ ಎದ್ದಿತ್ತು. ಡೆಂಗ್ಯೂ ಸೊಳ್ಳೆಯೋ, ಮಾಮೂಲಿಯದೋ? ಎಂಟು ತಿಂಗಳ ಕೂಸು. ಸೊಳ್ಳೆ ಪರದೆ ಕಟ್ಟಿದರೆ ಉಸಿರು ಕಟ್ಟಿದವಳಂತೆ ಅಳುತ್ತಾಳೆ. ಈ ಚಿಂತೆ ತಾಯಿ ತನುಜಳನ್ನು ವಾರದಿಂದ ಬಿಟ್ಟಿರಲಿಲ್ಲ. ವಾರ್ಡ್ ಮೆಂಬರ್ ಕೋನಪ್ಪನಿಗೆ ಫೋನ್ ಮೇಲೆ ಫೋನ್ ಮಾಡಿ ಕೊನೆಗೂ ಒಪ್ಪಿಸಿದ್ದಳು: ಇವತ್ತು ಸಂಜೆ ಅವರ ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬರಲಿತ್ತು.

ಅದೇ ಬೀದಿಯ ಕೊನೆಯಲ್ಲಿ, ಗೂಡಿನಿಂದ ನೂಲು ತೆಗೆಯುವ ಕೆಲಸ ನಿಂತುಹೋದ ರೀಲಿಂಗ್ ಶೆಡ್ಡಿನೊಳಗೆ, ನಾದಿನಿ ಸಂಘಮಿತ್ರ ಇವತ್ತೇ ಹುಳು ಬಿಟ್ಟಿದ್ದಳು. ಶೆಡ್ಡಿನ ಕಿಟಕಿಗಳಿಗೆ ಬಾಗಿಲಿಲ್ಲ. ಆ ಹೊಗೆ ಸೋಕಿದರೆ ರೇಷ್ಮೆ ಹುಳು ಉಳಿಯುವುದಿಲ್ಲವೆಂದು ಶಿಡ್ಲಘಟ್ಟದಲ್ಲಿ ಯಾರಿಗೆ ಗೊತ್ತಿಲ್ಲ? ತನುಜಳಿಗೂ ಗೊತ್ತಿತ್ತು. ಗಾಡಿ ಬರುವ ವಿಷಯ ನಾದಿನಿಗೆ ಹೇಳಿರಲಿಲ್ಲ.

ಸಂಘಮಿತ್ರ ಬಿ.ಕಾಂ ಮುಗಿಸಿ ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟವಳು. ಆಧಾರ್ ಫೋಟೋಗೆ ಕೂತ ಅಜ್ಜಿಯರಿಗೆ “ನಗಬ್ಯಾಡಮ್ಮ, ಸರ್ಕಾರ ಹೆದರ್ಕೊಂತದೆ” ಎಂದು ಹೇಳಿ ನಗಿಸುವವಳು. ಮದುವೆ, ನಾಮಕರಣಗಳ ನಡುವೆ ನೂಲು ತೆಗೆಯುವ ಹೆಂಗಸರ ಫೋಟೋ ತೆಗೆದಿದ್ದಳು. ಈಗ ಆ ಮುಖಗಳನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಹಲಗೆಗೆ ಅಂಟಿಸಿ ಮಲಗಿಸಿ, ಮೇಲೆ ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ, ಹುಳುಗಳನ್ನು ಬಿಟ್ಟಿದ್ದಳು. ಗೂಡು ಕಟ್ಟಲು ಮೂಲೆ ಸಿಗದ ಹುಳು ನೂಲನ್ನು ಸಪಾಟಾಗಿ ಹಾಸುತ್ತದೆ. ಮೂರು ದಿನದಲ್ಲಿ ಮುಖಗಳ ಮೇಲೆ ರೇಷ್ಮೆಯ ಪೊರೆ. ನೋಡಲು ಬೆಂಗಳೂರಿನಿಂದ ಜನ ಬರುವವರಿದ್ದರು.

ಬೆಂಗಳೂರಿನಲ್ಲಿ ಚಿತ್ರಕಲೆ ಓದಿದವಳು ತನುಜ. ಅವಳ ಕ್ಯಾನ್ವಾಸುಗಳು ಮಂಚದ ಹಿಂದೆ ನಿಂತಿದ್ದವು. ಅವುಗಳ ಅಂಚಿನ ಮೇಲೆ ಮಗುವಿನ ಬಟ್ಟೆಗಳು ಒಣಗುತ್ತಿದ್ದವು. ಹೋದರೆ ಹೋಗಲಿ ಹುಳು, ಮಗುವಿಗಾಗಿ ಹೊಗೆ ಹಾಕಿಸಿದ ತಾಯಿಯನ್ನು ಯಾರು ಏನಂದಾರು?

ಮಧ್ಯಾಹ್ನ ಅತ್ತೆ ಪೆದ್ದಮ್ಮ ಊಟದ ಡಬ್ಬಿ ಕೊಟ್ಟಳು. “ಶೆಡ್ಡಿಗೆ ಕೊಟ್ಬಾರಮ್ಮ. ಬೆಳಗ್ಗಿಂದ ಏನೂ ತಿಂದಿಲ್ಲ ನನ್ ಬಂಗಾರು.”

ತನುಜಳೂ ತಿಂದಿರಲಿಲ್ಲ. ಕೇಳಿದವರಿಲ್ಲ.

ಶೆಡ್ಡಿಗೆ ಕಾಲಿಡುತ್ತಲೇ ಹರಿಣಿ ಅವಳ ಸೊಂಟದಿಂದ ಸೋದರತ್ತೆಯ ಕಡೆಗೆ ನೆಗೆದಳು. ಅದೂ ಆಗಬೇಕಿತ್ತು.

“ಅತ್ತಿಗೆ, ನಿಮ್ ಕಾಲೇಜಲ್ಲಿ ಇದಕ್ಕೆ ಎಷ್ಟು ಮಾರ್ಕ್ಸ್ ಕೊಡೋರು?” ಎಂದಳು ಸಂಘಮಿತ್ರ.

“ಕಮ್ಮೀನೇ.”

“ಫೇಲ್ ಮಾಡಲ್ವಲ್ಲ, ಬಿಡಿ.”

ತನುಜ ಹಲಗೆಯೊಂದರ ಮೇಲೆ ಬಾಗಿದಳು. ಮುದುಕಿಯೊಬ್ಬಳ ಮುಖ. ಕೆಳದುಟಿಯ ಮೇಲೆ ಹುಳುವೊಂದು ತಲೆಯನ್ನು ಅತ್ತಿತ್ತ ಆಡಿಸುತ್ತಿತ್ತು. ಬೆಳಕು ಬಿದ್ದಾಗ ಮಾತ್ರ ಕಾಣುವ ಎಳೆ. ಗಲ್ಲದ ಸುಕ್ಕುಗಳು ಆಗಲೇ ಮಸುಕಾಗಿದ್ದವು, ನೂಲು ಇನ್ನೂ ಕಣ್ಣುಗಳ ತನಕ ಬಂದಿರಲಿಲ್ಲ. ಚೆನ್ನಾಗಿತ್ತು. ಇದು ತನಗೆ ಹೊಳೆಯಬೇಕಿತ್ತು. ಐದು ವರ್ಷ ಓದಿದವಳು ತಾನು. ನೂಲು ಏರಿದ ಮೇಲೆ ಈ ಕಣ್ಣು ಮುಚ್ಚಿಹೋಗುತ್ತದೋ, ಪೊರೆಯೊಳಗಿಂದ ನೋಡುತ್ತಲೇ ಇರುತ್ತದೋ? ಸಂಜೆ ಗಾಡಿ ಬಂದರೆ ಅದು ಯಾರಿಗೂ ತಿಳಿಯುವುದಿಲ್ಲ. ತನಗೂ.

ಅವಳು ಹೊರಗೆ ಬಂದು ಫೋನ್ ಮಾಡಿದಳು.

“ಕೋನಪ್ಪಣ್ಣ, ಇವತ್ತು ನಮ್ ಬೀದಿಗೆ ಹೊಗೆ ಬೇಡ.”

“ಮಗು ಮಗು ಅಂತ ಪ್ರಾಣ ತಿಂದಿದ್ದು ನೀವೇ ಅಲ್ಲೇನಮ್ಮ?”

“ನಾನೇ. ಶೆಡ್ಡಲ್ಲಿ ಹುಳ ಹಣ್ಣಾಗಿದಾವೆ.”

“ಯಾರ ಹುಳ?”

ಒಳಗೆ ಹರಿಣಿ ಕೇಕೆ ಹಾಕಿ ನಗುತ್ತಿದ್ದಳು.

“ನಮ್ ಸಂಘಮಿತ್ರಂದು. ಮೂರು ದಿನ ಗಾಡಿ ಕಳಿಸ್ಬೇಡಿ. ಮಗುಗೆ ಪರದೆ ಕಟ್ಕೊಂತೀನಿ. ಅತ್ರೆ ಎತ್ಕೊಂಡು ಕೂತಿರ್ತೀನಿ.”